ಸಾಕ್ಷಿಯ ಮುಖ ನೋಡಿದವನು

"ಗುರುಗಳೇ, ಇಂದು ಒಂದು ಸಣ್ಣ ತಪ್ಪು ತೀರ್ಪು ಕೊಟ್ಟರೆ ನಾಳೆ ಮೇಲಿನ ಪೀಠಕ್ಕೆ ಹೋಗಬಹುದು. ಅಲ್ಲಿ ಕುಳಿತು ಸಾವಿರ ಸರಿಯಾದ ತೀರ್ಪು ಕೊಡಬಹುದು. ಇಂದೇ ಸರಿಯಾದ ತೀರ್ಪು ಕೊಟ್ಟರೆ ಇದ್ದಲ್ಲೇ ಮುದುಕನಾಗಬೇಕು. ಎರಡರಲ್ಲಿ ಯಾವುದು ಧರ್ಮ?"

ಕೇಳಿದವನು ಒಂದು ಊರಿನ ನ್ಯಾಯಾಧೀಶ. ಹಿಂದೆ ಈ ಗುರುಗಳ ಬಳಿ ತರ್ಕ ಓದಿದ್ದ. ನಾಡಿದ್ದು ಅವನು ಒಂದು ತೀರ್ಪು ಓದಬೇಕಿತ್ತು. ಅದಕ್ಕೆ ಮೊದಲು ಗುರುಗಳನ್ನು ಕಂಡುಹೋಗೋಣವೆಂದು ಬಂದಿದ್ದ. ತೀರ್ಪು ಅವನ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು. ಆಶೀರ್ವಾದವೊಂದು ಬಾಕಿ ಇತ್ತು.

ಗುರುಗಳು ಹೇಳಿದರು: "ಪ್ರಶ್ನೆ ಕೇಳುವಾಗಲೇ ಒಂದನ್ನು ಸಣ್ಣದು, ಇನ್ನೊಂದನ್ನು ಸಾವಿರ ಎಂದು ತೂಗಿ ಇಟ್ಟಿದ್ದೀಯ. ಕೆಲಸ ಚೆನ್ನಾಗಿ ಕಲಿತಿದ್ದೀಯ. ಕುಳಿತುಕೋ."

ಶಿಷ್ಯ ಕುಳಿತ. ಗುರುಗಳು ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಮೂರು ಅಂತಸ್ತಿನ ನ್ಯಾಯಸ್ಥಾನಗಳಿದ್ದವು. ಊರಿಗೆ ಒಂದು, ಸೀಮೆಗೆ ಒಂದು, ಎಲ್ಲಕ್ಕೂ ಮೇಲೆ ರಾಜಧಾನಿಯಲ್ಲಿ ಒಂದು ಮಹಾನ್ಯಾಯಸ್ಥಾನ. ಊರಿನಲ್ಲಿ ಸೋತವನು ಸೀಮೆಗೆ ಹೋಗಬಹುದು. ಸೀಮೆಯಲ್ಲಿ ಸೋತವನು ರಾಜಧಾನಿಗೆ ಹೋಗಬಹುದು. ರಾಜಧಾನಿಯಲ್ಲಿ ಸೋತವನು ಮನೆಗೆ ಹೋಗಬಹುದು, ಅಷ್ಟರಲ್ಲಿ ಮನೆ ಉಳಿದಿದ್ದರೆ.

ನ್ಯಾಯಾಧೀಶರು ಮೇಲೇರುತ್ತಿದ್ದದ್ದೂ ಇದೇ ದಾರಿಯಲ್ಲಿ. ಏರುವುದಕ್ಕೆ ಒಂದು ನಿಯಮವಿತ್ತು. ಯಾವನ ತೀರ್ಪನ್ನು ಮೇಲಿನವರು ತಿರುಗಿಸಿಹಾಕುತ್ತಾರೋ ಅವನು ಏರುವಂತಿಲ್ಲ. ನಿಯಮ ಮಾಡಿದವರ ಉದ್ದೇಶ ಒಳ್ಳೆಯದೇ. ತಪ್ಪು ತೀರ್ಪು ಕೊಡುವವನು ಮೇಲೆ ಬಂದು ಕೂರಬಾರದಲ್ಲ.

ಇನ್ನೊಂದು ನಿಯಮವೂ ಇತ್ತು. ಸಾಕ್ಷಿ ಬಂದು ನಿಂತು ಮಾತಾಡುವುದು ಊರಿನ ನ್ಯಾಯಾಧೀಶನ ಮುಂದೆ ಮಾತ್ರ. ಮೇಲಿನವರಿಗೆ ಹೋಗುವುದು ಬರೆದ ಕಾಗದ. ಆದ್ದರಿಂದ ಸಾಕ್ಷಿ ನಂಬಿಕಸ್ಥನೋ ಅಲ್ಲವೋ ಎಂಬ ವಿಷಯದಲ್ಲಿ, ಅವನ ಮುಖ ನೋಡಿದವನು ಬರೆದದ್ದೇ ಕೊನೆಯ ಮಾತು. ಮುಖ ನೋಡದವರು ಅದನ್ನು ಮುಟ್ಟುವಂತಿಲ್ಲ. ಇದೂ ಒಳ್ಳೆಯ ನಿಯಮ. ಆ ರಾಜ್ಯದಲ್ಲಿ ಕೆಟ್ಟ ನಿಯಮವೇ ಇರಲಿಲ್ಲ.

ಅಲ್ಲಿಯ ಒಂದು ಊರಿಗೆ ಒಬ್ಬ ನ್ಯಾಯಾಧೀಶ ಬಂದ. ಧರ್ಮಶಾಸ್ತ್ರದ ಪರೀಕ್ಷೆಯಲ್ಲಿ ಮೊದಲನೆಯವನಾಗಿ ತೇರ್ಗಡೆಯಾದವನು. ಲಂಚ ಮುಟ್ಟುತ್ತಿರಲಿಲ್ಲ. ಕಕ್ಷಿಗಾರರ ಮನೆಯ ಮದುವೆಗೆ ಹೋಗುತ್ತಿರಲಿಲ್ಲ. ಯಾರ ಕೈಯಿಂದಲೂ ಒಂದು ತಾಂಬೂಲ ತೆಗೆದುಕೊಳ್ಳುತ್ತಿರಲಿಲ್ಲ. ಇಷ್ಟರಿಂದ ತಾನು ಪ್ರಾಮಾಣಿಕ ಎಂದು ಅವನಿಗೆ ಖಚಿತವಾಗಿತ್ತು.

ಒಂದು ದಿನ ರಾಜಧಾನಿಯ ಪೀಠದಲ್ಲಿ ಕೂರಬೇಕೆಂಬುದು ಅವನ ಆಸೆ. ಅದು ಕೆಟ್ಟ ಆಸೆಯೇನಲ್ಲ. ಅಲ್ಲಿ ಕುಳಿತವನ ತೀರ್ಪನ್ನು ಯಾರೂ ತಿರುಗಿಸಲಾರರು. ಸತ್ಯವೆಂದು ಕಂಡದ್ದನ್ನು ಅಲ್ಲಿ ಹೆದರದೆ ಬರೆಯಬಹುದು ಎಂದು ಅವನು ತಿಳಿದಿದ್ದ. ಅಲ್ಲಿಯವರೆಗೆ ಸ್ವಲ್ಪ ಹೆದರಿಕೊಂಡು ಬರೆಯಬೇಕಾಗುತ್ತದೆ ಎಂಬುದು ಅದರಲ್ಲೇ ಅಡಗಿತ್ತು. ಅದನ್ನು ಅವನು ಬಿಡಿಸಿ ನೋಡಿರಲಿಲ್ಲ.

ಆ ಊರಿನಲ್ಲಿ ಅರಮನೆಗೆ ಸೇರಿದ ಕಣಜವೊಂದು ಸುಟ್ಟುಹೋಯಿತು. ಕಣಜವನ್ನು ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರ ಒಬ್ಬ ಗಾಡಿಯವನನ್ನು ಹಿಡಿದು ತಂದ. ಬಾಡಿಗೆಗೆ ಗಾಡಿ ಹೊಡೆದು ಕಣಜಕ್ಕೆ ಧಾನ್ಯ ಸಾಗಿಸುತ್ತಿದ್ದವನು. ಯಾವುದೋ ಮಾತಿಗೆ ಸಿಟ್ಟಾಗಿ ಅವನೇ ಬೆಂಕಿ ಇಟ್ಟ ಎಂಬುದು ಆರೋಪ. ಕಣ್ಣಾರೆ ಕಂಡವನು ಪಾರುಪತ್ಯಗಾರನೊಬ್ಬನೇ. ಅರಮನೆಯ ಸ್ವತ್ತಿಗೆ ಬೆಂಕಿ ಇಟ್ಟವನಿಗೆ ಶಿಕ್ಷೆ ಕೋಟೆಯ ಸೆರೆ, ಸಾಯುವವರೆಗೆ.

ಧಾನ್ಯವನ್ನು ಪಾರುಪತ್ಯಗಾರ ಮೊದಲೇ ಮಾರಿಕೊಂಡಿದ್ದ, ಖಾಲಿ ಕಣಜ ಯಾರ ಕಣ್ಣಿಗೂ ಬೀಳದಿರಲೆಂದು ತಾನೇ ಸುಡಿಸಿದ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಬಾವಿಯ ಹತ್ತಿರ ಆಡಿಕೊಳ್ಳುತ್ತಿದ್ದರು, ಅಂಗಡಿಯ ಮುಂದೆ ಆಡಿಕೊಳ್ಳುತ್ತಿದ್ದರು. ನ್ಯಾಯಸ್ಥಾನಕ್ಕೆ ಬಂದು ಯಾರೂ ಹೇಳಲಿಲ್ಲ.

ಪಾರುಪತ್ಯಗಾರ ಸಾಕ್ಷಿ ಹೇಳಲು ನಿಂತ. "ನಾನು ಸಂಜೆ ಕೆರೆಯ ಏರಿಯ ಮೇಲೆ ಬರುತ್ತಿದ್ದೆ. ನನ್ನ ಕೈಯಲ್ಲಿ ಕೊಡೆ ಇತ್ತು. ಕಣಜದ ಹಿಂದುಗಡೆ ಈ ಗಾಡಿಯವನು ಬಗ್ಗಿ ನಿಂತಿದ್ದನ್ನು ಕಂಡೆ. ಅವನ ಕೈಯಲ್ಲಿ ಕೊಳ್ಳಿ ಇತ್ತು."

ನ್ಯಾಯಾಧೀಶ ನಡುವೆ ತಡೆದು ಕೇಳಿದ: "ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು?"

ಪಾರುಪತ್ಯಗಾರ ಬಾಯಿ ತೆರೆದ. ಮುಚ್ಚಿದ. ಆಮೇಲೆ ಕಣ್ಣನ್ನೂ ಮುಚ್ಚಿಕೊಂಡು, "ನಾನು ಸಂಜೆ ಕೆರೆಯ ಏರಿಯ ಮೇಲೆ ಬರುತ್ತಿದ್ದೆ. ನನ್ನ ಕೈಯಲ್ಲಿ ಕೊಡೆ ಇತ್ತು" ಎಂದು ಮೊದಲಿನಿಂದ ಶುರು ಮಾಡಿದ. ಕೊಳ್ಳಿಯವರೆಗೆ ಬಂದು ನಿಂತ. ಒಂದಕ್ಷರ ಆಚೀಚೆಯಾಗಲಿಲ್ಲ.

ಮಗ್ಗಿ ಒಪ್ಪಿಸುವ ಮಗುವನ್ನು ನಡುವೆ ತಡೆದರೆ ಅದು ಮತ್ತೆ ಒಂದರಿಂದಲೇ ಶುರು ಮಾಡುತ್ತದೆ. ಕಂಡದ್ದನ್ನು ಹೇಳುವವನು ನಡುವಿನಿಂದಲೂ ಹೇಳಬಲ್ಲ. ನ್ಯಾಯಾಧೀಶನಿಗೆ ಇದು ತಕ್ಷಣ ತಿಳಿಯಿತು. ನಗು ಬಂತು. ಅಂಗವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದುಕೊಂಡ.

ಸಾಕ್ಷಿ ಹೇಳಿದ್ದನ್ನೆಲ್ಲ ಗುಮಾಸ್ತ ಎರಡು ಸಲವೂ ಬರೆದುಕೊಂಡ. ನಡುವೆ ನ್ಯಾಯಾಧೀಶರು ತಡೆದರು ಎಂದಷ್ಟೇ ಸೇರಿಸಿದ. ಉತ್ತರ ಸಿಗದ ಪ್ರಶ್ನೆಯೂ ಮುಚ್ಚಿದ ಕಣ್ಣೂ ಕಾಗದಕ್ಕೆ ಬರಲಿಲ್ಲ. ಹಾಗೆ ಬರೆದುಕೊಳ್ಳುವ ಪದ್ಧತಿ ಇರಲಿಲ್ಲ.

ಆ ಸಂಜೆ ಗುಮಾಸ್ತ ನ್ಯಾಯಾಧೀಶನ ಮುಂದೆ ಮಸಿ ಕುಡಿಕೆ ಇಟ್ಟು ಕೇಳಿದ: "ಬಿಡುಗಡೆ ಅಂತ ಬರೀತೀರಾ, ಸ್ವಾಮಿ?"

"ಅವನು ಬಾಯಿಪಾಠ ಒಪ್ಪಿಸಿದ್ದು ನಿಮಗೆ ಕಾಣಲಿಲ್ಲವೇ?"

"ಕಂಡಿತು. ಚೆನ್ನಾಗಿಯೇ ಕಂಠಪಾಠ ಮಾಡಿದ್ದ. ಆದರೆ ನನಗೆ ಕಂಡದ್ದು ಯಾರಿಗೆ ಬೇಕು? ಅವನು ಮಂತ್ರಿಗಳ ಅಕ್ಕನ ಮಗ. ಅರಮನೆಯ ಸ್ವತ್ತಿನ ಮೊಕದ್ದಮೆಯಲ್ಲಿ ಬಿಡುಗಡೆ ಅಂತ ಬರೆದರೆ ಸೀಮೆಯಲ್ಲಿ ನಿಲ್ಲುವುದಿಲ್ಲ. ಸಾಕ್ಷಿಯ ಮುಖದ ಮಾತು ಮುಟ್ಟದೆಯೇ ತಿರುಗಿಸಲು ಅವರಿಗೆ ಬೇರೆ ಕಾರಣ ಸಿಗುತ್ತದೆ. ನಿಮಗಿಂತ ಮುಂಚೆ ಇದ್ದವರು ಹೀಗೇ ಒಂದು ಬಿಡುಗಡೆ ಮಾಡಿದರು. ತಿರುಗಿಸಿಹಾಕಿದರು. ಅವರು ಈ ಊರಿನಲ್ಲೇ ತೀರಿಕೊಂಡರು. ಇಲ್ಲಿ ನೀರು ಚೆನ್ನಾಗಿದೆ, ಅದೊಂದು ಸಮಾಧಾನ."

"ಮತ್ತೆ ಆ ಗಾಡಿಯವನು?"

"ಮೇಲೆ ಎರಡು ನ್ಯಾಯಸ್ಥಾನ ಇಟ್ಟಿರುವುದು ಯಾತಕ್ಕೆ, ಸ್ವಾಮಿ? ತಪ್ಪಾಗಿದ್ದರೆ ಅವರು ತಿದ್ದುತ್ತಾರೆ. ಎಲ್ಲವನ್ನೂ ನಾವೇ ಸರಿ ಮಾಡಿ ಕಳಿಸಿದರೆ ಪಾಪ, ಅವರಿಗೆ ಕೆಲಸ ಬೇಡವೇ?"

ನ್ಯಾಯಾಧೀಶನಿಗೆ ಈ ಮಾತು ಹಿಡಿಸಿತು. ಗುಮಾಸ್ತ ತಮಾಷೆಗೆ ಹೇಳಿದ್ದನ್ನು ಅವನು ನ್ಯಾಯತತ್ತ್ವವಾಗಿ ತೆಗೆದುಕೊಂಡ. ಮೇಲಿನವರು ತಿದ್ದುತ್ತಾರೆ. ಆದರೆ ತಿದ್ದಿದರೆ ತಾನು ಏರುವಂತಿಲ್ಲ. ಅವರು ತಿದ್ದಲಿ ಎಂದು ಅವನು ಮನಸ್ಸಿನಲ್ಲಿ ಅಂದುಕೊಂಡ. ತಿದ್ದಲಾಗದಂತೆ ಕೈಯಲ್ಲಿ ಬರೆದ.

ತೀರ್ಪಿನ ಕೊನೆಗೆ ಒಂದು ಮಾತು ಸೇರಿಸಿದ: "ಸಾಕ್ಷಿಯ ಮುಖವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದು ಸತ್ಯ ಹೇಳುವವನ ಮುಖ."

ತೀರ್ಪು ಓದಿದ ದಿನ ಗಾಡಿಯವನನ್ನು ಕೋಟೆಗೆ ಕರೆದೊಯ್ದರು. ನ್ಯಾಯಾಧೀಶ ಹೊರಗೆ ಬಂದಾಗ ಗಾಡಿಯವನ ಹೆಂಡತಿ ಮೆಟ್ಟಿಲ ಹತ್ತಿರ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ.

"ಬುದ್ಧಿ, ಆವಯ್ಯ ಮತ್ತೆ ಮೊದಲಿಂದ ಶುರು ಮಾಡಿದಾಗ ನೀವು ಬಾಯಿಗೆ ಬಟ್ಟೆ ಅಡ್ಡ ಹಿಡಿದಿರಿ. ನಿಮಗೆ ನಗು ಬಂತು. ನೀವು ಅವನ ಮುಖ ನೋಡ್ತಿದ್ರಿ, ನಾನು ನಿಮ್ಮ ಮುಖ ನೋಡ್ತಿದ್ದೆ."

"ಮೇಲ್ಮನವಿ ಹಾಕಿಕೊಳ್ಳಮ್ಮ. ಮೇಲಿನವರು ನೋಡುತ್ತಾರೆ."

"ಏನು ನೋಡ್ತಾರೆ ಬುದ್ಧಿ? ಅವನ ಮುಖವಾ, ನೀವು ಬರೆದದ್ದಾ?"

ಕಕ್ಷಿಗಾರರೊಂದಿಗೆ ಹೊರಗೆ ಮಾತಾಡುವುದು ನಿಯಮಕ್ಕೆ ವಿರುದ್ಧ. ನ್ಯಾಯಾಧೀಶ ಆ ನಿಯಮವನ್ನು ನೆನೆದು ಪಲ್ಲಕ್ಕಿ ಹತ್ತಿದ.

ಅವಳು ಎತ್ತುಗಳನ್ನು ಮಾರಿ ಸೀಮೆಯ ನ್ಯಾಯಸ್ಥಾನಕ್ಕೆ ಹೋದಳು. ಅಲ್ಲಿಯ ಹಿರಿಯರು ಕಾಗದ ಓದಿದರು. ಶ್ರದ್ಧೆಯಿಂದಲೇ ಓದಿದರು. ಓದಿ ಹೀಗೆ ಬರೆದರು: ಸಾಕ್ಷಿಯನ್ನು ನ್ಯಾಯಾಧೀಶರು ನಡುವೆ ತಡೆದು ಪರೀಕ್ಷಿಸಿದ್ದಾರೆ. ಆಗಲೂ ಸಾಕ್ಷಿ ತನ್ನ ಮಾತನ್ನು ಒಂದಕ್ಷರ ವ್ಯತ್ಯಾಸವಿಲ್ಲದೆ ಮತ್ತೆ ಹೇಳಿದ್ದಾನೆ. ಸುಳ್ಳು ಹೇಳುವವನು ಎರಡನೆಯ ಸಲ ಎಲ್ಲಾದರೂ ಎಡವುತ್ತಾನೆ. ಇವನು ಎಡವಿಲ್ಲ. ಸಾಲದ್ದಕ್ಕೆ ಮುಖ ನೋಡಿದವರೇ ಅದು ಸತ್ಯವಂತನ ಮುಖ ಎಂದಿದ್ದಾರೆ. ಇದನ್ನು ಮುಟ್ಟಲು ನಮಗೆ ಅಧಿಕಾರವಿಲ್ಲ.

ಯಾವುದು ಸುಳ್ಳಿನ ಗುರುತಾಗಿತ್ತೋ ಅದೇ ಕಾಗದದ ಮೇಲೆ ಸತ್ಯದ ಗುರುತಾಯಿತು. ಅವರನ್ನು ದೂರಿ ಫಲವಿಲ್ಲ. ಕಾಗದ ಅಷ್ಟನ್ನೇ ಹೇಳುತ್ತಿತ್ತು.

ತೀರ್ಪಿನ ಬರವಣಿಗೆಯನ್ನು ಅವರು ಮೆಚ್ಚಿಕೊಂಡರು. ಇಷ್ಟು ಅಚ್ಚುಕಟ್ಟಾಗಿ ಬರೆಯುವವನನ್ನು ಸಣ್ಣ ಊರಿನಲ್ಲಿ ಇಟ್ಟಿರಬಾರದು ಎಂದರು. ಮುಂದೆ ಸೀಮೆಯಲ್ಲಿ ಒಂದು ಪೀಠ ಖಾಲಿಯಾದಾಗ ಅವನನ್ನು ಕರೆಸಿಕೊಂಡರು.

ಸೀಮೆಯಲ್ಲಿ ಅವನು ಒಳ್ಳೆಯ ಹೆಸರು ತೆಗೆದುಕೊಂಡ. ಕಕ್ಷಿಗಾರರಿಗೆ ಕೂರಲು ನೆರಳಿರಲಿಲ್ಲ, ಚಪ್ಪರ ಹಾಕಿಸಿದ. ಕುಡಿಯುವ ನೀರು ಇಡಿಸಿದ. ಬಡವರೊಡನೆ ಏಕವಚನದಲ್ಲಿ ಮಾತಾಡುತ್ತಿದ್ದ ಜವಾನರನ್ನು ಗದರಿಸಿ ಸರಿ ಮಾಡಿದ. ಗಾಡಿಯವನು ಅವನಿಗೆ ಆಗಾಗ ನೆನಪಾಗುತ್ತಿದ್ದ. ನೆನಪಾದಾಗ ಊಟ ಸೇರುತ್ತಿರಲಿಲ್ಲ. ಹೀಗೆ ಊಟ ಸೇರದಿರುವುದನ್ನು ಅವನು ಮನಸ್ಸಾಕ್ಷಿ ಎಂದು ಕರೆದುಕೊಂಡ. ಅದು ತನ್ನಲ್ಲಿ ಇನ್ನೂ ಇದೆಯಲ್ಲ ಎಂದು ಸ್ವಲ್ಪ ಸಂತೋಷವನ್ನೂ ಪಟ್ಟ.

ಇನ್ನೊಂದೇ ಮೆಟ್ಟಿಲು. ಗಾಡಿಯವನ ಮೇಲ್ಮನವಿ ರಾಜಧಾನಿಯಲ್ಲಿ ಸರದಿ ಕಾಯುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಅದು ಬರುವಷ್ಟರಲ್ಲಿ ತಾನು ಅಲ್ಲಿರಬೇಕು. ಅಲ್ಲಿದ್ದರೆ ಒಂದು ಮಾತಿನಲ್ಲಿ ಅವನನ್ನು ಬಿಡಿಸಬಹುದು. ಆದ್ದರಿಂದ ಈಗ ಎಲ್ಲಿಯೂ ಎಡವಬಾರದು. ಗಾಡಿಯವನ ಸಲುವಾಗಿಯಾದರೂ ಎಡವಬಾರದು. ಹೀಗೆ ಅವನ ಹೆದರಿಕೆಗೆ ಒಂದು ಒಳ್ಳೆಯ ಕಾರಣ ಸಿಕ್ಕಿತು. ಮೇಲಿನವರಿಗೆ ಯಾವುದು ಒಪ್ಪಿಗೆಯಾಗುತ್ತದೆ ಎಂದು ಮೊದಲೇ ತಿಳಿದುಕೊಂಡು ಅದನ್ನೇ ಬರೆದ. ಅವನ ಒಂದು ತೀರ್ಪೂ ತಿರುಗಲಿಲ್ಲ.

ರಾಜಧಾನಿಯಲ್ಲಿ ಗಾಡಿಯವನ ಹೆಂಡತಿ ಕಾಯುತ್ತಿದ್ದಳು. ಗಾಡಿಯನ್ನೂ ಮಾರಿಯಾಗಿತ್ತು. ನ್ಯಾಯಸ್ಥಾನದ ಹೊರಗೆ ವಕೀಲರ ಕುದುರೆಗಳಿಗೆ ಹುಲ್ಲು ಮಾರಿ ಹೊಟ್ಟೆ ಹೊರೆಯುತ್ತಿದ್ದಳು. ಕೋಟೆಯ ಬಾಗಿಲಿಗೆ ಹೋಗಿ ರೊಟ್ಟಿಯ ಗಂಟು ಕೊಟ್ಟು ಬರುತ್ತಿದ್ದಳು. ಗಂಡನನ್ನು ನೋಡಲು ಬಿಡುತ್ತಿರಲಿಲ್ಲ. ಖಾಲಿ ಬಟ್ಟೆ ಹೊರಗೆ ಬಂದರೆ ಒಳಗೆ ತಿಂದವನು ಇದ್ದಾನೆ ಎಂದು ತಿಳಿದುಕೊಳ್ಳುತ್ತಿದ್ದಳು.

ಒಬ್ಬ ವಕೀಲ ಅವಳನ್ನು ಕೆಣಕುತ್ತಿದ್ದ. "ಏನಮ್ಮಾ, ನಿನ್ನ ಸರದಿ ಇನ್ನೂ ಬರಲಿಲ್ಲವೇ? ನಿನ್ನ ಹುಲ್ಲು ತಿಂದು ತಿಂದು ನನ್ನ ಕುದುರೆಯೇ ಮುದಿಯಾಯಿತು."

"ನೀವು ಬೇರೆ ಕುದುರೆ ತಂದುಕೊಳ್ತೀರಿ ಬುದ್ಧಿ. ನನಗೆ ಆ ಗಂಡನೇ ಆಗಬೇಕಲ್ಲ."

ವಕೀಲ ನಕ್ಕು ಒಳಗೆ ಹೋಗುತ್ತಿದ್ದ. ನಗುವಂಥ ಮಾತನ್ನೇ ಅವಳು ಆಡಿದ್ದಳು.

ಕೊನೆಗೆ ನ್ಯಾಯಾಧೀಶ ರಾಜಧಾನಿಯ ಪೀಠಕ್ಕೆ ಬಂದ. ರಾಜನೇ ಕರೆದು ಶಾಲು ಹೊದಿಸಿದ. ಈಗ ಅವನ ಮೇಲೆ ಯಾರೂ ಇರಲಿಲ್ಲ. ಸರದಿಯೂ ಬಂತು. ಗಾಡಿಯವನ ಮೊಕದ್ದಮೆಯನ್ನು ಕೂಗುವುದರ ಹಿಂದಿನ ದಿನ, ನಾಳೆ ಎಲ್ಲವನ್ನೂ ಹೇಳಿಬಿಡುವುದೆಂದು ಅವನು ನಿಶ್ಚಯಿಸಿದ. ಅಂದು ಊಟ ಸೇರಿತು.

ಆ ನ್ಯಾಯಸ್ಥಾನದಲ್ಲಿ ಮತ್ತೊಂದು ನಿಯಮವಿತ್ತು. ಕೆಳಗೆ ತೀರ್ಪು ಬರೆದವನು ಅದೇ ಮೊಕದ್ದಮೆಗೆ ಮೇಲೆ ಕೂರುವಂತಿಲ್ಲ. ಎದ್ದು ಹೊರಗೆ ಹೋಗಬೇಕು. ತನ್ನ ತೀರ್ಪನ್ನು ತಾನೇ ಪರೀಕ್ಷಿಸಬಾರದಲ್ಲ, ಇದೂ ಒಳ್ಳೆಯ ನಿಯಮವೇ. ಆದರೆ ಹೋಗುವ ಮೊದಲು ಹಿರಿಯ ನ್ಯಾಯಾಧೀಶರು ಅವನನ್ನು ಒಂದು ಮಾತು ಕೇಳುತ್ತಿದ್ದರು: "ಬರೆದದ್ದಕ್ಕೆ ಸೇರಿಸುವುದು ಏನಾದರೂ ಇದೆಯೇ?" ಹೋಗುವವರು "ಬರೆದದ್ದೇ ನನ್ನ ಮಾತು" ಎಂದು ಹೇಳಿ ಹೋಗುವುದು ರೂಢಿ. ಬೇರೆ ಉತ್ತರ ಯಾರೂ ಕೊಟ್ಟಿರಲಿಲ್ಲ. ಕೊಡಬಾರದೆಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

ಮೊಕದ್ದಮೆ ಕೂಗಿದರು. ನ್ಯಾಯಾಧೀಶ ಎದ್ದು ನಿಂತ. ಹಿರಿಯರು ಕೇಳಿದರು.

ಅವನು ಯೋಚಿಸಿದ. ಸುಳ್ಳು ಬರೆದೆ ಎಂದು ಒಪ್ಪಿಕೊಂಡರೆ ತಾನು ಬರೆದ ಉಳಿದ ತೀರ್ಪುಗಳ ಗತಿ ಏನು? ನಮ್ಮ ಮೇಲೂ ಸುಳ್ಳು ಬರೆದಿದ್ದಾನೆ ಎಂದು ನಿಜವಾದ ಕೊಲೆಗಾರರೂ ಬಂದು ನಿಲ್ಲುತ್ತಾರೆ. ಅವರಲ್ಲಿ ಕೆಲವರು ಬಿಡುಗಡೆಯಾಗುತ್ತಾರೆ. ಈ ಪೀಠದ ಮೇಲೆ ಜನರಿಗಿರುವ ನಂಬಿಕೆ ಹೋಗುತ್ತದೆ. ಮುಂದೆ ಇಲ್ಲಿ ಕುಳಿತು ಮಾಡಬೇಕಾದ ಒಳ್ಳೆಯ ಕೆಲಸಗಳೆಲ್ಲ ನಿಲ್ಲುತ್ತವೆ. ಒಬ್ಬನಿಗಾಗಿ ಇಷ್ಟನ್ನು ಕೆಡವಬಹುದೇ?

ತನ್ನ ಪೀಠ ಹೋಗುತ್ತದೆ ಎಂದು ಅವನು ಯೋಚಿಸಲಿಲ್ಲ. ಅಷ್ಟು ಸಣ್ಣ ಮನುಷ್ಯನಲ್ಲ ಅವನು. ಅವನು ಯೋಚಿಸಿದ್ದೆಲ್ಲ ನ್ಯಾಯದ ಘನತೆಯನ್ನು ಕುರಿತೇ.

"ಬರೆದದ್ದೇ ನನ್ನ ಮಾತು" ಎಂದ. ಹೊರಗೆ ಬಂದ.

ಹೊರಜಗಲಿಯಲ್ಲಿ ಗಾಡಿಯವನ ಹೆಂಡತಿ ಕುಳಿತಿದ್ದಳು. ತಲೆ ಬೆಳ್ಳಗಾಗಿತ್ತು. ಅವನನ್ನು ಕಂಡು ಎದ್ದು ನಿಂತಳು. ಆ ಪೀಠದಲ್ಲಿ ಇವನೂ ಕೂರುತ್ತಾನೆ ಎಂದು ಅವಳಿಗೆ ತಿಳಿದಿತ್ತು. ಒಳಗೆ ಹೇಳಬೇಕಾದದ್ದನ್ನು ಹೇಳಿಯೇ ಹೊರಗೆ ಬಂದಿದ್ದಾನೆ ಎಂದುಕೊಂಡು ಕೈ ಮುಗಿದಳು.

"ಹೇಳಿದಿರಾ, ಬುದ್ಧಿ?"

"ಒಳಗೆ ವಿಚಾರಣೆ ನಡೆಯುತ್ತಿದೆ ತಾಯಿ. ನಾನು ಮಾತಾಡುವಂತಿಲ್ಲ."

ಅವಳು ಮುಗಿದ ಕೈಯನ್ನು ಇಳಿಸಿದಳು. ಹುಲ್ಲಿನ ಹೊರೆಯ ಪಕ್ಕದಲ್ಲಿ ಮತ್ತೆ ಕುಳಿತಳು.

ಒಳಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸೀಮೆಯವರು ಬರೆದದ್ದನ್ನೇ ಇವರೂ ಬರೆದರು. ಒಂದು ಮಾತು ಹೆಚ್ಚಿಗೆ ಸೇರಿಸಿದರು: ಸಾಕ್ಷಿಯ ಮುಖ ನೋಡಿದವರು ಯಾರೋ ಅನುಭವವಿಲ್ಲದ ನ್ಯಾಯಾಧೀಶರಲ್ಲ. ಇಂದು ನಮ್ಮ ಸರಿಸಮಕ್ಕೆ ಕೂರುವ ಯೋಗ್ಯತೆಯುಳ್ಳವರು. ಅವರ ಕಣ್ಣು ತಪ್ಪಿರಲಾರದು.

ಮೇಲೇರಿ ಬಂದು ಗಾಡಿಯವನನ್ನು ಬಿಡಿಸುತ್ತೇನೆ ಎಂದುಕೊಂಡಿದ್ದನಲ್ಲ, ಅವನು ಏರಿದ ಒಂದೊಂದು ಮೆಟ್ಟಿಲೂ ಕೋಟೆಯ ಬಾಗಿಲಿಗೆ ಒಂದೊಂದು ಅಗುಳಿಯಾಯಿತು. ಮಹಾನ್ಯಾಯಸ್ಥಾನದ ತೀರ್ಪನ್ನು ಯಾರೂ ತಿರುಗಿಸುವಂತಿಲ್ಲ. ಮಹಾನ್ಯಾಯಸ್ಥಾನವೂ ತಿರುಗಿಸುವಂತಿಲ್ಲ.

ಆಮೇಲೆ ಅವನು ಅಲ್ಲಿ ಬಹಳ ಕಾಲ ಇದ್ದ. ಮುಖ್ಯ ನ್ಯಾಯಾಧೀಶನೂ ಆದ. ನೀನು ಹೇಳಿದೆಯಲ್ಲ ಸಾವಿರ ಸರಿಯಾದ ತೀರ್ಪು, ಅವನ್ನೂ ಕೊಟ್ಟ. ರಾಜನ ಚಿಕ್ಕಪ್ಪ ದೇವಸ್ಥಾನದ ಹೊಲ ಒತ್ತುವರಿ ಮಾಡಿದಾಗ ಅವನನ್ನು ನ್ಯಾಯಸ್ಥಾನದಲ್ಲಿ ನಿಲ್ಲಿಸಿ, ಹೊಲ ಬಿಡಿಸಿದ. ವಿಧವೆಯರ ಪಾಲಿನ ವಿಷಯದಲ್ಲಿ ಅವನು ಬರೆದದ್ದನ್ನು ಇಂದಿಗೂ ಓದುತ್ತಾರೆ. ಒಳ್ಳೆಯ ಬರಹ. ಹೊಸದಾಗಿ ಬಂದ ನ್ಯಾಯಾಧೀಶರನ್ನು ಕೂರಿಸಿಕೊಂಡು, ಯಾರಿಗೂ ಹೆದರಬೇಡಿ, ಕಣ್ಣಿಗೆ ಕಂಡದ್ದನ್ನು ಬರೆಯಿರಿ ಎಂದು ಬುದ್ಧಿ ಹೇಳುತ್ತಿದ್ದ. ಕೇಳಿದವರಿಗೆ ಮೈ ಜುಮ್ಮೆನ್ನುತ್ತಿತ್ತು. ಅವರಲ್ಲಿ ಒಂದಿಬ್ಬರು ಹಾಗೆಯೇ ಬರೆದು, ಬಂದ ಊರಿನಲ್ಲೇ ಉಳಿದರು.

ಅವನು ನಿವೃತ್ತನಾದಾಗ ದೊಡ್ಡ ಸಭೆ ಸೇರಿತು. ಮೊದಲ ಊರಿನಿಂದ ಕೊನೆಯ ಪೀಠದವರೆಗೆ ಇವರ ಒಂದು ತೀರ್ಪೂ ತಿರುಗಲಿಲ್ಲ ಎಂದು ಹೊಗಳಿದರು. ಅದು ನಿಜವೇ ಆಗಿತ್ತು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಎಷ್ಟು ವಿನಯ ಎಂದು ಜನ ಅಂದುಕೊಂಡರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

 ಕತೆ ಶಿಷ್ಯನಿಗೆ ತಾಗಿತ್ತು. ಕಣ್ಣು ತುಂಬಿತ್ತು. ಅವನು ಕೇಳಿದ:

"ಗುರುಗಳೇ, ಆ ನ್ಯಾಯಾಧೀಶನಿಗೆ ಕೊನೆಗಾಲದಲ್ಲಾದರೂ ಮನಸ್ಸಿಗೆ ನೆಮ್ಮದಿ ಸಿಕ್ಕಿತೇ?"

ಗುರುಗಳು ಹೇಳಿದರು: "ಗಾಡಿಯವನು ಏನಾದ ಎಂದು ನೀನು ಕೇಳಲಿಲ್ಲ."